ಕಲಿಸಿದ ಗುರು ಒಂದ್ ಕಡೆ, ಹೊಸ ಹುಡುಗ ಇನ್ನೊಂದ್ ಕಡೆ: ಎರಡು ಶಿಫ್ಟಿನ ಜಗಳದ ಮಧ್ಯೆ ಟೀಮ್ ಲೀಡರ್

ಪ್ರಶ್ನೆ: ಸರ್, ಪೀಣ್ಯದ ಒಂದು ಮಷಿನ್ ಶಾಪಲ್ಲಿ ಒಂಬತ್ತು ವರ್ಷ ಆಪರೇಟರ್ ಆಗಿದ್ದೆ, ನಾಲ್ಕು ತಿಂಗಳ ಹಿಂದೆ ಟೀಮ್ ಲೀಡರ್ ಮಾಡಿದ್ರು. ಎರಡು ಶಿಫ್ಟ್ ಸೇರಿ 18 ಜನ, ನಾನು ಜನರಲ್ ಶಿಫ್ಟ್, ಬೆಳಿಗ್ಗೆ 8.30ರಿಂದ 5.30. ನನಗೆ ಕೆಲಸ ಕಲಿಸಿದ ಅಣ್ಣ ಒಬ್ರು ಇದ್ದಾರೆ, 52 ವರ್ಷ, ಶುಗರ್ ಇರೋದ್ರಿಂದ ಅವರಿಗೆ ಫಸ್ಟ್ ಶಿಫ್ಟ್ ಫಿಕ್ಸ್. ಅದೇ ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಮಷಿನ್ ಮೇಲೆ ಸೆಕೆಂಡ್ ಶಿಫ್ಟಿಗೆ ರಾಯಚೂರು ಕಡೆಯ ಹುಡುಗ, ಐಟಿಐ ಮುಗಿಸಿ ಎರಡು ವರ್ಷ ಆಗಿದೆ. ಬೋರ್, ಅಂದ್ರೆ ಪೀಸಿನೊಳಗಿನ ತೂತು, ಓವರ್‌ಸೈಜ್ ಆಗಿ ಹೋದ ತಿಂಗಳು 34 ಪೀಸ್ ಸ್ಕ್ರಾಪ್ ಆಯ್ತು, ಹೆಚ್ಚಿನವು ಶಿಫ್ಟ್ ಬದಲಾದ ಮೊದಲ ಅರ್ಧ ಗಂಟೇಲಿ. ಅಣ್ಣ ಹೇಳೋದು ಹುಡುಗನಿಗೆ ಕೆಲಸ ಬರಲ್ಲ, ಬಾಯಿ ಜಾಸ್ತಿ ಅಂತ. ಹುಡುಗ ಹೇಳೋದು ಅವರು ಆಫ್‌ಸೆಟ್ (ಮಷಿನ್‌ಗೆ ಕೊಡೋ ಸೈಜ್ ತಿದ್ದುಪಡಿ) ಕೆದಕಿ ಹೇಳದೇ ಹೋಗ್ತಾರೆ, ಬೇಕಂತಲೇ ಮಾಡ್ತಾರೆ ಅಂತ. ಈಗ ಇಬ್ರೂ ಮಾತಾಡಲ್ಲ, ಶಾಪಲ್ಲಿ ಅರ್ಧ ಜನ ಅವರ ಕಡೆ ಅರ್ಧ ಜನ ಇವನ ಕಡೆ. ಮ್ಯಾನೇಜರ್ ಸ್ಕ್ರಾಪ್ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಿ ಬೈತಾರೆ. ಎಚ್ಆರ್ ಅವರು ಟೀಮ್ ಔಟಿಂಗ್ ಹೋಗಿ ಬನ್ನಿ ಅಂತಾರೆ. ಅಣ್ಣನ ಪರ ನಿಂತ್ರೆ ಪಕ್ಷಪಾತ, ಹುಡುಗನ ಪರ ನಿಂತ್ರೆ ಗುರುದ್ರೋಹ. ಮೆಮೊ ಕೊಡ್ಲಾ? ಈ ಪೋಸ್ಟೇ ಬೇಡ ಅಂತ ವಾಪಸ್ ಮಷಿನ್‌ಗೆ ಹೋಗ್ಲಾ?

ಉತ್ತರ: ನಿಮ್ಮ ಪತ್ರ ಮೂರು ಸಲ ಓದಿದೆ. ಅದರಲ್ಲಿ ನೀವೇ ಉತ್ತರ ಬರೆದುಬಿಟ್ಟಿದ್ದೀರಿ, ಆದ್ರೆ ಗಮನಿಸಿಲ್ಲ ಅನ್ಸುತ್ತೆ. "ಹೆಚ್ಚಿನವು ಶಿಫ್ಟ್ ಬದಲಾದ ಮೊದಲ ಅರ್ಧ ಗಂಟೇಲಿ" ಅಂದ್ರಲ್ಲ, ಅಲ್ಲೇ ಇರೋದು ವಿಷಯ. ಒಬ್ಬನಿಗೆ ಕೆಲಸ ಬರ್ದೇ ಇದ್ರೆ ಇಡೀ ಶಿಫ್ಟ್ ಪೀಸ್ ಕೆಡ್ಬೇಕು, ಇನ್ನೊಬ್ರು ಬೇಕಂತ ಮಾಡ್ತಿದ್ರೆ ಅದಕ್ಕೆ ಗಂಟೆ ನೋಡ್ಕೊಂಡು ಮಾಡಲ್ಲ. ಕರೆಕ್ಟಾಗಿ ಕೈ ಬದಲಾಗೋ ಹೊತ್ತಲ್ಲೇ ಕೆಡ್ತಿದೆ ಅಂದ್ರೆ ತಪ್ಪು ಆ ಕೈಯಲ್ಲೂ ಇಲ್ಲ ಈ ಕೈಯಲ್ಲೂ ಇಲ್ಲ, ಕೈಯಿಂದ ಕೈಗೆ ಹೋಗೋ ಜಾಗದಲ್ಲಿದೆ. ಯಾರ ಪರ ನಿಲ್ಲಲಿ ಅಂತ ಕೇಳಿದ್ರಲ್ಲ, ಸದ್ಯಕ್ಕೆ ಮಷಿನ್ ಪಕ್ಕ ನಿಂತ್ಕೊಳ್ಳಿ, ಶಿಫ್ಟ್ ಬದಲಾಗೋ ಹೊತ್ತಿಗೆ, ಮಧ್ಯಾಹ್ನ 1.45ರಿಂದ 2.15ರವರೆಗೆ, ಒಂದು ವಾರ, ದಿನಾ. ಬಾಯಿ ಬಿಡ್ದೆ ನೋಡಿ, ಬರ್ಕೊಳ್ಳಿ, ಅಷ್ಟೇ.

ಏನು ಕಾಣುತ್ತೆ ಅನ್ನೋದನ್ನ ನಾನು ಊಹೆ ಮಾಡಿ ಹೇಳ್ತೀನಿ, ತಪ್ಪಿದ್ರೆ ತಿದ್ಕೊಳ್ಳಿ, ಆದ್ರೆ ಇಂಥದ್ದು ಎಷ್ಟೋ ಶಾಪಲ್ಲಿ ನೋಡಿದ್ದೀನಿ. ನಿಮ್ಮ ಬೋರ್ 32 ಎಚ್7 ಅಂತ ಇಟ್ಕೊಳ್ಳೋಣ, ಅಂದ್ರೆ 32 ಮಿ.ಮೀ. ಮೇಲೆ ಸೊನ್ನೆಯಿಂದ ಪ್ಲಸ್ 25 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿ.ಮೀ.ನ ಸಾವಿರದ ಒಂದು ಭಾಗ), ಅಷ್ಟೇ ಜಾಗ. ಬೆಳಿಗ್ಗೆಯಿಂದ ಪೀಸ್ ಹೊಡೀತಾ ಹೊಡೀತಾ ಇನ್ಸರ್ಟ್ (ಲೋಹ ಕೆತ್ತೋ ಸಣ್ಣ ತುಂಡು) ಸವೆಯುತ್ತೆ, ಸವೆದಂಗೆಲ್ಲ ಬೋರ್ ಚಿಕ್ಕದಾಗ್ತಾ ಬರುತ್ತೆ, ಅಣ್ಣ ಅಳತೆ ನೋಡಿ ವೇರ್ ಆಫ್‌ಸೆಟ್‌ನಲ್ಲಿ (ಸವೆತಕ್ಕೆ ಕೊಡೋ ತಿದ್ದುಪಡಿ) ಐದು ಮೈಕ್ರಾನ್ ಕೊಡ್ತಾರೆ, ಇನ್ನೊಂದಿಷ್ಟು ಪೀಸ್ ಆದ್ಮೇಲೆ ಮತ್ತೆ ಐದು, ಹೀಗೆ ಎರಡು ಗಂಟೆ ಹೊತ್ತಿಗೆ ಒಟ್ಟು 30 ಮೈಕ್ರಾನ್ ಪ್ಲಸ್ ಸೇರಿರುತ್ತೆ. ಅವರು ಮಾಡಿದ್ದು ಸರಿ, ಅನುಭವ ಇರೋ ಆಪರೇಟರ್ ಹಂಗೇ ಮಾಡೋದು, ಎಡ್ಜ್ (ಇನ್ಸರ್ಟಿನ ಕೆತ್ತೋ ಅಂಚು) ಇನ್ನೂ ಬರೋವಾಗ ಇನ್ಸರ್ಟ್ ಬದಲಾಯಿಸಿ ಕಂಪನಿ ದುಡ್ಡು ಯಾಕೆ ಹಾಳು ಮಾಡ್ಬೇಕು ಅನ್ನೋದು ಅವರ ಲೆಕ್ಕ. ಎರಡು ಗಂಟೆಗೆ ಬಸ್ ಹಿಡಿಯೋಕೆ ಹೋಗ್ತಾರೆ. ಹುಡುಗ ಬರ್ತಾನೆ, ಶಿಫ್ಟ್ ಶುರುವಾದಾಗ ಎಡ್ಜ್ ನೋಡು, ಸವೆದಿದ್ರೆ ತಿರುಗಿಸಿ ಹೊಸ ಎಡ್ಜ್ ಹಾಕು ಅಂತ ಅವನಿಗೆ ಹೇಳಿಕೊಟ್ಟಿದ್ದಾರೆ, ಅವನೂ ಸರಿಯಾಗೇ ಮಾಡ್ತಾನೆ. ಈಗ ಹೊಸ ಎಡ್ಜ್, ಆದ್ರೆ ಆಫ್‌ಸೆಟ್ ಪೇಜಲ್ಲಿ ಹಳೇ ಎಡ್ಜಿಗೆ ಕೊಟ್ಟ 30 ಮೈಕ್ರಾನ್ ಹಂಗೇ ಕೂತಿದೆ. ಮೊದಲ ಪೀಸೇ ಓವರ್‌ಸೈಜ್. ಬೋರ್ ಚಿಕ್ಕದಾದ್ರೆ ಇನ್ನೊಂದ್ ಕಟ್ ತಗೊಂಡು ರೀವರ್ಕ್ ಮಾಡ್ಬಹುದು, ದೊಡ್ಡದಾದ್ರೆ ಮುಗೀತು, ಸೀದಾ ಸ್ಕ್ರಾಪ್ ಬಿನ್.

ಅಣ್ಣನಿಗೆ ಕಾಣೋದು "ನಾನು ಬಿಟ್ಟಾಗ ಸೈಜ್ ಕರೆಕ್ಟ್ ಇತ್ತು, ಇವನು ಮುಟ್ಟಿದ ತಕ್ಷಣ ಕೆಟ್ಟೋಯ್ತು". ಹುಡುಗನಿಗೆ ಕಾಣೋದು "ನಾನು ಹೊಸ ಎಡ್ಜ್ ಹಾಕಿದೀನಿ, ಆದ್ರೂ ಕೆಟ್ಟಿದೆ ಅಂದ್ರೆ ಅವರು ಆಫ್‌ಸೆಟ್‌ನಲ್ಲಿ ಏನೋ ಮಾಡಿದ್ದಾರೆ". ಇಬ್ರೂ ಕಣ್ಣಾರೆ ಕಂಡಿದ್ದನ್ನೇ ಹೇಳ್ತಿದ್ದಾರೆ, ಇಬ್ರದ್ದೂ ಸುಳ್ಳಲ್ಲ, ಇಬ್ರೂ ಮಾಡಿದ್ದು ಜವಾಬ್ದಾರಿ ಇರೋರು ಮಾಡೋ ಕೆಲಸಾನೇ. ಎರಡು ಸರಿ ಕೆಲಸ ಸೇರಿ ಒಂದು ಸ್ಕ್ರಾಪ್ ಆಗಿದೆ. ಇದನ್ನ ನೀವು ಮೊದಲು ನಿಮ್ಮ ಮನಸ್ಸಿಗೆ ತಂದ್ಕೊಳ್ಳಿ, ಯಾಕಂದ್ರೆ ಇಲ್ಲಿವರೆಗೂ ಶಾಪಲ್ಲಿ ಎಲ್ಲರೂ ಹುಡುಕ್ತಿರೋದು ಯಾರು ಕೆಟ್ಟವರು ಅಂತ, ಆ ಪ್ರಶ್ನೆಗೆ ಇಲ್ಲಿ ಉತ್ತರವೇ ಇಲ್ಲ.

ಬೆಳಗಿನ ಕಥೆ ಇದರ ಉಲ್ಟಾ. ರಾತ್ರಿ ಹತ್ತಕ್ಕೆ ಬಿಸಿ ಮಷಿನ್ ಮೇಲೆ ಹುಡುಗ ಸೈಜ್ ಕೂರಿಸಿ ಆಫ್ ಮಾಡಿ ಹೋಗ್ತಾನೆ, ಬೆಳಿಗ್ಗೆ ಆರಕ್ಕೆ ಅಣ್ಣ ತಣ್ಣಗಿರೋ ಮಷಿನ್ ಆನ್ ಮಾಡ್ತಾರೆ, ಸ್ಪಿಂಡಲ್ಲು ಬಾಲ್ ಸ್ಕ್ರೂ ಅಂತ ತಿರುಗೋ ಭಾಗಗಳೆಲ್ಲ ಕಾವು ಹತ್ತೋವರೆಗೆ ಮೊದಲ ಐದಾರು ಪೀಸ್ ಸೈಜ್ ಓಡಾಡುತ್ತೆ, ಅವರು "ನೋಡಿ ರಾತ್ರಿ ಏನ್ ಮಾಡಿಟ್ಟು ಹೋಗಿದ್ದಾನೆ" ಅಂತ ಆಫ್‌ಸೆಟ್ ತಿದ್ದುತ್ತಾರೆ, ಮಷಿನ್ ಬಿಸಿ ಆದ್ಮೇಲೆ ಆ ತಿದ್ದಿದ್ದನ್ನ ಮತ್ತೆ ತಿದ್ದಬೇಕು. ಹದಿನೈದು ಇಪ್ಪತ್ತು ನಿಮಿಷ ವಾರ್ಮ್ ಅಪ್ ಪ್ರೋಗ್ರಾಂ ಓಡಿಸಿದ್ರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತೆ.

ಇಷ್ಟೆಲ್ಲ ಟೆಕ್ನಿಕಲ್ ಯಾಕೆ ಹೇಳ್ತಿದ್ದೀರಿ, ನಾನು ಕೇಳಿದ್ದು ಜನರ ಜಗಳ ಅಲ್ವಾ ಅಂತ ನಿಮಗೆ ಅನ್ಸಬಹುದು. ಮಷಿನ್ ಶಾಪಲ್ಲಿ ಜನರ ಜಗಳ ಅಂತ ಬೇರೆ ಇರಲ್ಲ, ಇದ್ರೂ ಕೆಲಸದ ಒಳಗೇ ಬೇರು ಬಿಟ್ಟಿರುತ್ತೆ. ಕೆಲಸದ ಗಂಟು ಬಿಚ್ಚದೆ ಇಬ್ರನ್ನೂ ಕೂರಿಸಿ "ಅಡ್ಜಸ್ಟ್ ಮಾಡ್ಕೊಳ್ಳಿ, ನಾವೆಲ್ಲ ಒಂದೇ ಫ್ಯಾಮಿಲಿ" ಅಂದ್ರೆ ಅವತ್ತು ಕೈ ಕುಲುಕ್ತಾರೆ, ನಾಳೆ ಎರಡು ಗಂಟೆಗೆ ಮತ್ತೆ ಪೀಸ್ ಓವರ್‌ಸೈಜ್ ಆಗುತ್ತೆ, ಆಗ ಬರೋ ಸಿಟ್ಟು ಮೊದಲಿಗಿಂತ ದೊಡ್ಡದು, ಯಾಕಂದ್ರೆ ಈಗ ಮಾತು ಕೊಟ್ಟು ತಪ್ಪಿದ ಅನ್ನೋದೂ ಸೇರ್ಕೊಳ್ಳುತ್ತೆ.

ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ. ನಾನು ಹೊಸದಾಗಿ ಸೂಪರ್‌ವೈಸರ್ ಆಗಿದ್ದಾಗ, ಆ ಕಂಪನಿ ಹೆಸರು ಬೇಡ, ಒಬ್ಬ ಹಿರಿಯ ಆಪರೇಟರ್‌ನ ಎಲ್ಲರ ಮುಂದೆ ನಿಲ್ಲಿಸಿ ರಿಜೆಕ್ಷನ್ ಬಗ್ಗೆ ಕೇಳಿದೆ, ಜೋರಾಗೇ ಕೇಳಿದೆ. ಅವರು ಒಂದು ಮಾತೂ ತಿರುಗಿ ಆಡ್ಲಿಲ್ಲ, ತಲೆ ಬಗ್ಗಿಸಿ ಹೋದ್ರು, ನಾನು ಅಂದ್ಕೊಂಡೆ ಕೆಲಸ ಆಯ್ತು ಅಂತ. ಅದಾದ್ಮೇಲೆ ಅವರು ನನ್ನ ಹತ್ರ ಮಾತಾಡೋದು ಬಿಟ್ರು, "ಹೂಂ ಸರ್" "ಇಲ್ಲ ಸರ್" ಇಷ್ಟೇ. ಎರಡು ತಿಂಗಳಾದ್ಮೇಲೆ ಒಂದು ಮಷಿನ್ನಿನ ಸ್ಪಿಂಡಲ್ ಬೇರಿಂಗ್ ಜಾಮ್ ಆಗಿ ಹನ್ನೊಂದು ದಿನ ಮಷಿನ್ ನಿಂತ್ಹೋಯ್ತು. ಆಮೇಲೆ ಗೊತ್ತಾಯ್ತು, ಬೇರಿಂಗ್ ಸದ್ದು ಬದಲಾಗಿದ್ದು ಅವರಿಗೆ ಮೂರು ವಾರ ಮೊದಲೇ ಗೊತ್ತಿತ್ತಂತೆ. ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ದಕ್ಕೆ "ಕೇಳಿದ್ರೆ ಹೇಳ್ತಿದ್ದೆ" ಅಂದ್ರು. ಇಪ್ಪತ್ತೆರಡು ವರ್ಷ ಆಯ್ತು, ಆ ಮಾತು ಇನ್ನೂ ನನ್ನ ಕಿವೀಲಿದೆ. ಜಗಳ ಜೋರಾಗಿ ನಡೀತಿದ್ರೆ ಅಷ್ಟು ಭಯ ಬೇಡ, ಜನ ಸುಮ್ಮನಾದಾಗ ಭಯ ಪಡ್ಬೇಕು. ನಿಮ್ಮವರಿಬ್ರೂ ಮಾತು ಬಿಟ್ಟಿದ್ದಾರೆ ಅಂದ್ರಲ್ಲ, 34 ಪೀಸ್ ಸ್ಕ್ರಾಪಿಗಿಂತ ನನಗೆ ಚಿಂತೆ ಆಗಿದ್ದು ಅದೇ.

ಆಮಿ ಎಡ್ಮಂಡ್‌ಸನ್ ಅಂತ ಅಮೆರಿಕದ ಸಂಶೋಧಕಿ, 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ಟೀಮುಗಳನ್ನ ನೋಡಿದ್ರು, ಔಷಧಿ ಕೊಡೋದ್ರಲ್ಲಿ ಎಲ್ಲಿ ಎಷ್ಟು ತಪ್ಪಾಗುತ್ತೆ ಅಂತ. ಒಳ್ಳೇ ಟೀಮಲ್ಲಿ ತಪ್ಪು ಕಡಿಮೆ ಇರುತ್ತೆ ಅಂದ್ಕೊಂಡಿದ್ರು, ಲೆಕ್ಕ ನೋಡಿದ್ರೆ ಒಳ್ಳೇ ಟೀಮುಗಳಲ್ಲೇ ತಪ್ಪಿನ ಸಂಖ್ಯೆ ಜಾಸ್ತಿ ಬಂತು. ಆಮೇಲೆ ಅರ್ಥ ಆಗಿದ್ದು ಏನಂದ್ರೆ ಆ ಟೀಮುಗಳಲ್ಲಿ ತಪ್ಪು ಜಾಸ್ತಿ ಆಗ್ತಿರ್ಲಿಲ್ಲ, ತಪ್ಪಾದಾಗ ಬಾಯಿ ಬಿಟ್ಟು ಹೇಳೋ ಧೈರ್ಯ ಜನಕ್ಕೆ ಇತ್ತು, ಮಿಕ್ಕ ಕಡೆ ಮುಚ್ಚಿಡ್ತಿದ್ರು. ನಿಮ್ಮ ಮ್ಯಾನೇಜರ್ ಗ್ರೂಪಿಗೆ ಸ್ಕ್ರಾಪ್ ಫೋಟೊ ಹಾಕಿ ಬೈದಾಗ ಏನಾಗುತ್ತೆ ಯೋಚ್ನೆ ಮಾಡಿ, ಮುಂದಿನ ಸಲ ಹುಡುಗ ಓವರ್‌ಸೈಜ್ ಪೀಸ್ ಬಿನ್ನಿಗೆ ಹಾಕ್ತಾನಾ, ಇಲ್ಲ ಒಳ್ಳೇ ಪೀಸಿನ ಟ್ರೇ ಕೆಳಗೆ ಸೇರಿಸಿಬಿಡ್ತಾನಾ? ಸೇರಿಸಿದ್ರೆ ಅದು ಕಸ್ಟಮರ್ ಲೈನ್‌ನಲ್ಲಿ ಸಿಕ್ಕಿ ವಾಪಸ್ ಬರುತ್ತೆ, ಆಗ ಇಡೀ ಲಾಟ್ ಒಂದೊಂದೇ ಪೀಸ್ ನೋಡಿ ಬೇರ್ಪಡಿಸ್ಬೇಕು.

ಈಗ ಮಾತಾಡೋದು ಹೇಗೆ ಅಂತ. ಮೊದಲು ಇಬ್ರ ಹತ್ರಾನೂ ಬೇರೆ ಬೇರೆಯಾಗಿ, ಕ್ಯಾಬಿನ್‌ಗೆ ಕರೀಬೇಡಿ, ಕ್ಯಾಬಿನ್‌ಗೆ ಕರೆದ್ರು ಅಂದ್ರೇನೇ ವಿಚಾರಣೆ ಅಂತ ಅರ್ಥ. ಅಣ್ಣನ ಹತ್ರ ಮೊದಲು ಹೋಗಿ, ಹಿರಿಯರು ಅಂತ ಮಾತ್ರ ಅಲ್ಲ, ಅವರಿಗೆ ತಾವು ಕೆಲಸ ಕಲಿಸಿದ ನೀವು ಲೀಡರ್ ಆದ್ಮೇಲೆ ತಮ್ಮನ್ನ ಮರೆತ್ರಿ ಅನ್ನೋ ನೋವು ಇದ್ದೇ ಇರುತ್ತೆ, ಅವರು ಹೇಳಲ್ಲ. ಅವರನ್ನ ಇಷ್ಟು ದಿನ ಅಣ್ಣ ಅಂತಿದ್ರೆ ಈಗಲೂ ಅಣ್ಣ ಅಂತಲೇ ಕರೀರಿ, ಲೀಡರ್ ಆದೆ ಅಂತ ಹೆಸರು ಹಿಡಿದು ಕರೆಯೋಕೆ ಹೋಗ್ಬೇಡಿ, ಅವರು ನಿಮ್ಮನ್ನ ಏಕವಚನದಲ್ಲಿ ಮಾತಾಡಿಸಿದ್ರೆ ಅದರಿಂದ ನಿಮ್ಮ ಪೋಸ್ಟಿಗೆ ಏನೂ ಕಡಿಮೆ ಆಗಲ್ಲ. "ಕಂಪ್ಲೇಂಟ್ ಬಂದಿದೆ" ಅಂತ ಶುರು ಮಾಡ್ಬೇಡಿ. "ಅಣ್ಣ, ಈ ಬೋರ್ ಎಂಟು ಗಂಟೆ ಹೆಂಗೆ ಹಿಡ್ಕೊಂಡು ಬರ್ತೀರಾ, ಒಂದ್ಸಲ ಹೇಳಿ, ನಾನು ಬರ್ಕೋತೀನಿ" ಅನ್ನಿ. ಇದು ಅವರನ್ನ ಖುಷಿ ಮಾಡೋಕೆ ಹೇಳೋ ಮಾತಲ್ಲ, ನಿಜವಾಗ್ಲೂ ನಿಮಗೆ ಬೇಕಾಗಿರೋದೇ ಅದು. ಎಷ್ಟು ಪೀಸಿಗೆ ಎಷ್ಟು ಮೈಕ್ರಾನ್ ಕೊಡ್ತಾರೆ, ಎಡ್ಜ್ ಹೋಯ್ತು ಅಂತ ಸದ್ದಲ್ಲಿ ಗೊತ್ತಾಗುತ್ತಾ ಕೆತ್ತಿ ಬರೋ ಲೋಹದ ಚೂರಿನ ಬಣ್ಣದಲ್ಲಿ ಗೊತ್ತಾಗುತ್ತಾ, ಈ ವಿದ್ಯೆ ಎಲ್ಲೂ ಬರೆದಿಟ್ಟಿಲ್ಲ, ಅವರು ರಿಟೈರ್ ಆದ ದಿನ ಅವರ ಜೊತೆಗೇ ಗೇಟ್ ದಾಟಿ ಹೋಗುತ್ತೆ.

ಹುಡುಗನ ಹತ್ರ ಸಂಜೆ ಟೀ ಬ್ರೇಕಲ್ಲಿ ಮಾತಾಡಿ, ಅವನ ಶಿಫ್ಟಲ್ಲಿ. ಇಲ್ಲಿ ಒಂದು ಲೆಕ್ಕ ನೋಡಿ, ನೀವು ಫಸ್ಟ್ ಶಿಫ್ಟಿನವರ ಕಣ್ಣಿಗೆ ದಿನಾ ಐದೂವರೆ ಗಂಟೆ ಕಾಣ್ತೀರಿ, ಸೆಕೆಂಡ್ ಶಿಫ್ಟಿನವರಿಗೆ ಮೂರೂವರೆ ಗಂಟೆ. ಅದರಲ್ಲೂ ಸಂಜೆ ಹೊತ್ತು ನೀವು ರಿಪೋರ್ಟ್, ನಾಳೆಯ ಪ್ಲಾನಿಂಗ್ ಅಂತ ಕಂಪ್ಯೂಟರ್ ಮುಂದೆ ಕೂತಿರ್ತೀರಿ. 5.30 ಆದ್ಮೇಲೆ ಅವರಿಗೆ ಏನಾದ್ರೂ ಆದ್ರೆ ಲೀಡರ್ ಇಲ್ಲ. ಹಂಗಿದ್ದಾಗ ನೀವು ಫಸ್ಟ್ ಶಿಫ್ಟಿನ ಮನುಷ್ಯ ಅಂತ ಅವರು ಅಂದ್ಕೊಳ್ಳೋದ್ರಲ್ಲಿ ಆಶ್ಚರ್ಯ ಏನಿದೆ, ಜೊತೆಗೆ ಅಣ್ಣ ನಿಮ್ಮ ಗುರು ಅನ್ನೋದು ಎಲ್ಲರಿಗೂ ಗೊತ್ತು. ವಾರಕ್ಕೆ ಒಂದು ದಿನ ಆದ್ರೂ 12ಕ್ಕೆ ಬಂದು ರಾತ್ರಿ ಒಂಬತ್ತರವರೆಗೆ ಇರೋಕೆ ಮ್ಯಾನೇಜರ್ ಹತ್ರ ಪರ್ಮಿಷನ್ ತಗೊಳ್ಳಿ. ಮಾತಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತೆ.

ಆಮೇಲೆ ಆ ಫಿಕ್ಸೆಡ್ ಶಿಫ್ಟ್. ಅಣ್ಣನಿಗೆ ಶುಗರ್, ಊಟದ ಟೈಮ್ ತಪ್ಪಬಾರ್ದು, ಫಸ್ಟ್ ಶಿಫ್ಟ್ ಕೊಟ್ಟಿದ್ದು ಸರಿಯೇ. ಆದ್ರೆ ಅದರ ಬೆಲೆ ಕಟ್ತಿರೋದು ಯಾರು, ಆ ಹುಡುಗ. ವರ್ಷ ಪೂರ್ತಿ ಸೆಕೆಂಡ್ ಶಿಫ್ಟು, ರಾತ್ರಿ ಹತ್ತಕ್ಕೆ ಹೊರಟು ರೂಮಿಗೆ ಹೋಗಿ ಅಡುಗೆ ಮಾಡ್ಕೊಂಡು ಊಟ ಮಾಡೋ ಹೊತ್ತಿಗೆ ಹನ್ನೆರಡು, ರಾಯಚೂರಿಂದ ಅಮ್ಮ ಫೋನ್ ಮಾಡಿದಾಗ ಅವನು ಮಷಿನ್ ಮೇಲಿರ್ತಾನೆ. ಯಾರಾದ್ರೂ ಅವನನ್ನ ಕೇಳಿದ್ರಾ, ನಿನಗೆ ಇದು ಪರ್ವಾಗಿಲ್ವಾ ಅಂತ? ಇಲ್ಲ ಅಂತ ನನ್ನ ಅಂದಾಜು. ಆಫ್‌ಸೆಟ್ ಬಗ್ಗೆ ಬರೋ ಸಿಟ್ಟಲ್ಲಿ ಅರ್ಧ ಇದೇ ಇರಬಹುದು. ಕೇಳಿ ನೋಡಿ, ತಿಂಗಳಿಗೆ ಒಂದು ವಾರ ಅವನನ್ನ ಬೇರೆ ಮಷಿನ್‌ಗೆ ಫಸ್ಟ್ ಶಿಫ್ಟಿಗೆ ಹಾಕೋಕೆ ಆಗುತ್ತಾ ಅಂತ. ಆಗಲ್ಲ ಅಂದ್ರೂ ಕೇಳಿದ್ದು ನೆನಪಿರುತ್ತೆ.

"ಬಾಯಿ ಜಾಸ್ತಿ" ಅಂತ ಅಣ್ಣ ಹೇಳಿದ್ದು ಇದೆಯಲ್ಲ, ಅದನ್ನೂ ಸ್ವಲ್ಪ ಬಿಡಿಸಿ ನೋಡ್ಬೇಕು. ರಾಯಚೂರು ಕಡೆ, ಹುಬ್ಬಳ್ಳಿ ಕಡೆ ಹಿರಿಯರಿಗೆ ಮರ್ಯಾದೆ ಕೊಡೋದೇ "ರೀ" ಸೇರಿಸಿ, "ಯಾಕ್ರೀ ಆಫ್‌ಸೆಟ್ ಚೇಂಜ್ ಮಾಡೀರಿ" ಅಂತ ಅವನು ಕೇಳಿದ್ರೆ ಅವನ ಪ್ರಕಾರ ತಗ್ಗಿ ಕೇಳಿದ್ದು. ನಮ್ಮ ಬೆಂಗಳೂರು ಮೈಸೂರು ಕಡೆಯವರ ಕಿವಿಗೆ "ಯಾಕ್ರೀ" ಅಂದ್ರೆ ಜಗಳಕ್ಕೆ ಬಂದಂಗೆ, ಬಸ್ಸಲ್ಲಿ ಕಾಲು ತುಳಿದವರನ್ನ ಕೇಳೋ ಹಂಗೆ. ಅಣ್ಣ ಸಿಟ್ಟಲ್ಲಿ "ಏನೋ ಹೇಳ್ತೀಯ ಈಗ" ಅಂದಿರ್ತಾರೆ, ಅವನಿಗೆ ಆ "ಏನೋ" ಚುಚ್ಚಿರುತ್ತೆ. ಒಂದೇ ಕನ್ನಡ, ಎರಡು ಕಡೆ ಎರಡು ತೂಕ. ನಾನು ಹರಿಹರದಲ್ಲಿ ನಾಲ್ಕು ವರ್ಷ ಇದ್ದೋನು, ಈ ಕಡೆಯವರನ್ನ ಆ ಕಡೆಯವರು, ಆ ಕಡೆಯವರನ್ನ ಈ ಕಡೆಯವರು ತಪ್ಪು ತಿಳ್ಕೊಂಡಿದ್ದನ್ನ ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಇದನ್ನ ಇಬ್ರಿಗೂ ಬೇರೆ ಬೇರೆಯಾಗಿ, ಹಗುರವಾಗಿ ಹೇಳಿ, ಎಲ್ಲರ ಮುಂದೆ ಹೇಳಿದ್ರೆ ಹುಡುಗನ ಭಾಷೇನೇ ತಮಾಷೆ ವಸ್ತು ಆಗ್ಬಿಡುತ್ತೆ, ಅದು ಆಗ್ಲೇಬಾರ್ದು.

ಒಬ್ರು ಹೇಳಿದ್ದನ್ನ ಇನ್ನೊಬ್ರಿಗೆ ತಲುಪಿಸೋ ಕೆಲಸ ಮಾತ್ರ ಮಾಡ್ಬೇಡಿ. "ಅಣ್ಣ ನಿನ್ನ ಬಗ್ಗೆ ಹಿಂಗಂದ್ರು" ಅಂತ ಒಂದು ಮಾತು ನಿಮ್ಮ ಬಾಯಿಂದ ಹೋದ್ರೆ ಅವತ್ತಿಂದ ನೀವು ಲೀಡರ್ ಅಲ್ಲ. ಒಳ್ಳೇ ಉದ್ದೇಶದಿಂದ್ಲೇ ಎಷ್ಟೋ ಜನ ಇದನ್ನ ಮಾಡ್ತಾರೆ, ಮಧ್ಯಸ್ಥಿಕೆ ಅಂದ್ಕೊಂಡು.

ಇಬ್ರ ಮಾತೂ ಕೇಳಿ ಆದ್ಮೇಲೆ, ನಿಮ್ಮ ಒಂದು ವಾರದ ನೋಟ್ಸ್ ಕೈಯಲ್ಲಿದ್ದಾಗ, ಇಬ್ರನ್ನೂ ಎರಡು ಗಂಟೆಗೆ ಮಷಿನ್ ಮುಂದೆ ನಿಲ್ಲಿಸಿ, ಹದಿನೈದು ನಿಮಿಷ ಮಷಿನ್ ನಿಲ್ಲಿಸೋಕೆ ಮ್ಯಾನೇಜರ್ ಹತ್ರ ಮೊದಲೇ ಹೇಳಿಟ್ಕೊಳ್ಳಿ, ಅಣ್ಣನ ಬಸ್ ತಪ್ಪದ ಹಾಗೆ ನೋಡ್ಕೊಳ್ಳಿ, ಆ ಹದಿನೈದು ನಿಮಿಷಕ್ಕೆ ಓಟಿ ಬರಬೇಕಿದ್ರೆ ಬರೆಸಿಕೊಡಿ. ಮೇಜಿನ ಮೇಲೆ ಒಂದು ಸ್ಕ್ರಾಪ್ ಪೀಸು, ಬೋರ್ ಗೇಜು, ಸ್ಕ್ರೀನ್ ಮೇಲೆ ಆಫ್‌ಸೆಟ್ ಪೇಜು. ಮಾತು ಈ ಪೀಸಿನ ಬಗ್ಗೆ ಮಾತ್ರ. "ಇವನು ಯಾವಾಗ್ಲೂ" "ಅವರು ಯಾವತ್ತೂ" ಅಂತ ಶುರುವಾದ್ರೆ ಅಲ್ಲೇ ನಿಲ್ಲಿಸಿ "ಸೋಮವಾರ 2.10ಕ್ಕೆ ಏನಾಯ್ತು ಅದನ್ನ ಹೇಳಿ" ಅನ್ನಿ. ನೀವು ಪರಿಹಾರ ಹೇಳ್ಬೇಡಿ, ನಿಮಗೆ ಗೊತ್ತಿದ್ರೂ ಹೇಳ್ಬೇಡಿ. ಆಫ್‌ಸೆಟ್ ಪೇಜಲ್ಲಿ 30 ಮೈಕ್ರಾನ್ ತೋರಿಸಿ "ಈಗ ಎಡ್ಜ್ ತಿರುಗಿಸಿದ್ರೆ ಏನಾಗುತ್ತೆ" ಅಂತ ಕೇಳಿ ಸುಮ್ಮನೆ ನಿಂತ್ಕೊಳ್ಳಿ. ಆ ಮೌನ ಅರ್ಧ ನಿಮಿಷ ಇರುತ್ತೆ, ಕಷ್ಟ ಆಗುತ್ತೆ, ತಡ್ಕೊಳ್ಳಿ. ಇಬ್ರಲ್ಲಿ ಒಬ್ರು ಹೇಳ್ತಾರೆ.

ಅಲ್ಲಿಂದ ಒಂದು ಕಾರ್ಡ್ ಮಾಡ್ಕೊಳ್ಳಿ, ಮಷಿನ್ ಬಾಗಿಲ ಪಕ್ಕ ಕ್ಲಿಪ್ಪಿಗೆ ಸಿಕ್ಕಿಸೋದು. ಎಡ್ಜ್ ಯಾವಾಗ ತಿರುಗಿಸಿದ್ದು, ಅದಾದ್ಮೇಲೆ ಎಷ್ಟು ಪೀಸ್ ಆಯ್ತು, ಈಗ ವೇರ್ ಆಫ್‌ಸೆಟ್ ಎಷ್ಟಿದೆ, ಕೊನೆಯ ಐದು ಪೀಸಿನ ಅಳತೆ. ಇಷ್ಟೇ, ಇದಕ್ಕಿಂತ ಒಂದು ಕಾಲಂ ಜಾಸ್ತಿ ಆದ್ರೂ ಯಾರೂ ತುಂಬಲ್ಲ. ಎಡ್ಜ್ ತಿರುಗಿಸಿದವರು ಆಫ್‌ಸೆಟ್ ಹಿಂದಕ್ಕೆ ತಂದು, ಮೊದಲ ಪೀಸ್ ಬೇಕಂತ ಸ್ವಲ್ಪ ಚಿಕ್ಕದಾಗಿ ತೆಗೆದು, ಅಳೆದು, ಆಮೇಲೆ ಸೈಜಿಗೆ ತರ್ಬೇಕು ಅನ್ನೋದನ್ನ ಅಣ್ಣನ ಕೈಯಲ್ಲೇ ಹುಡುಗನಿಗೆ ತೋರಿಸಿ. ಕಾರ್ಡನ್ನ ಹುಡುಗನ ಕೈಯಲ್ಲಿ ಬರೆಸಿ. ಗುರು ಗುರುವಾಗೇ ಉಳೀತಾರೆ, ಹುಡುಗನೂ ಬರೀ ಹೇಳಿಸ್ಕೊಳ್ಳೋನು ಆಗಲ್ಲ.

ಎಚ್ಆರ್ ಅವರು ಹೇಳಿದ ಔಟಿಂಗ್ ಬಗ್ಗೆ. ಅವರ ಮನಸ್ಸು ಒಳ್ಳೇದೇ, ಆದ್ರೆ ಈಗ ಬೇಡ. 1954ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಮುಜಾಫರ್ ಶೆರಿಫ್ ಅನ್ನೋ ಮನಶ್ಶಾಸ್ತ್ರಜ್ಞ ರಾಬರ್ಸ್ ಕೇವ್ ಅನ್ನೋ ಪಾರ್ಕಲ್ಲಿ 22 ಹುಡುಗರನ್ನ ಬೇಸಿಗೆ ಶಿಬಿರಕ್ಕೆ ಕರ್ಕೊಂಡು ಹೋಗಿ ಎರಡು ಗುಂಪು ಮಾಡಿದ್ರು, ಆಟದ ಪೈಪೋಟಿ ಇಟ್ರು, ಬೇಗನೇ ಒಬ್ರ ಬಾವುಟ ಇನ್ನೊಬ್ರು ಸುಡೋವರೆಗೆ ಬಂತು, ಎಲ್ಲರೂ ಒಳ್ಳೇ ಮನೆಯ ಸಾಮಾನ್ಯ ಮಕ್ಕಳೇ. ಆಮೇಲೆ ಒಟ್ಟಿಗೆ ಊಟ, ಒಟ್ಟಿಗೆ ಸಿನಿಮಾ ಅಂತ ಸೇರಿಸಿದ್ರೆ ಊಟದ ಹಾಲಲ್ಲೇ ಒಬ್ರ ಮೇಲೊಬ್ರು ಊಟ ಎಸೆದಾಡಿದ್ರು. ಕೊನೆಗೆ ಕೆಲಸ ಮಾಡಿದ್ದು ಏನಂದ್ರೆ ಇಡೀ ಶಿಬಿರಕ್ಕೆ ನೀರು ನಿಂತಾಗ ಎರಡೂ ಗುಂಪು ಸೇರಿ ಕಾರಣ ಹುಡುಕಿದ್ದು, ಊಟ ತರೋ ಟ್ರಕ್ ಸ್ಟಾರ್ಟ್ ಆಗದೇ ಇದ್ದಾಗ ಎಲ್ಲರೂ ಸೇರಿ ಹಗ್ಗ ಕಟ್ಟಿ ಎಳೆದಿದ್ದು, ಅದೂ ಮೊದಲು ಹಗ್ಗಜಗ್ಗಾಟ ಆಡಿದ್ದ ಅದೇ ಹಗ್ಗ. ಒಂದು ಎಚ್ಚರಿಕೆ, ಅದರ ಹಿಂದಿನ ವರ್ಷ ಶೆರಿಫ್ ಇಂಥದ್ದೇ ಶಿಬಿರ ಮಾಡಿದಾಗ ದೊಡ್ಡೋರು ಬೇಕಂತ ನಮ್ಮನ್ನ ಎತ್ತಿಕಟ್ತಿದ್ದಾರೆ ಅಂತ ಹುಡುಗರಿಗೆ ಅನುಮಾನ ಬಂದು ಎಲ್ಲ ಕೆಟ್ಟೋಗಿತ್ತು. ಅದಕ್ಕೇ ನೀವು ಕೃತಕವಾಗಿ ಏನೂ ಹುಟ್ಟಿಸ್ಬೇಡಿ, ಬೇಕಾಗಿಯೂ ಇಲ್ಲ, ಎರಡೂ ಶಿಫ್ಟಿಗೂ ಬೇಕಾಗಿರೋ ನಿಜವಾದ ಟ್ರಕ್ ನಿಮ್ಮ ಶಾಪಲ್ಲೇ ನಿಂತಿದೆ. ಸ್ಕ್ರಾಪ್ ಲೆಕ್ಕವನ್ನ ಇವತ್ತಿಂದ ಫಸ್ಟ್ ಶಿಫ್ಟ್ ಎಷ್ಟು ಸೆಕೆಂಡ್ ಶಿಫ್ಟ್ ಎಷ್ಟು ಅಂತ ಬೋರ್ಡ್ ಮೇಲೆ ಬರೆಯೋದು ನಿಲ್ಲಿಸಿ, ಮಷಿನ್‌ಗೆ ಎಷ್ಟು ಅಂತ ಬರೀರಿ. ಸಂಖ್ಯೆ ಇಳಿದ್ಮೇಲೆ ಔಟಿಂಗ್ ಹೋಗಿ, ಆಗ ಊಟವೂ ರುಚಿಸುತ್ತೆ.

ಮ್ಯಾನೇಜರ್ ಹತ್ರ ಮಾತಾಡೋದು ನಿಮಗೆ ಇದರಲ್ಲಿ ಎಲ್ಲಕ್ಕಿಂತ ಕಷ್ಟ ಅಂತ ಗೊತ್ತು. "ನೀವು ಗ್ರೂಪಲ್ಲಿ ಬೈಬೇಡಿ ಸರ್" ಅಂದ್ರೆ ಅವರಿಗೂ ಮುಖಭಂಗ. ಒಬ್ರೇ ಇದ್ದಾಗ ಹೋಗಿ, ನಿಮ್ಮ ಒಂದು ವಾರದ ನೋಟ್ಸ್ ಇಟ್ಟು, "ಸರ್, ಸ್ಕ್ರಾಪ್ ಎಲ್ಲಿಂದ ಬರ್ತಿದೆ ಅಂತ ಸಿಕ್ಕಿದೆ, ಇದನ್ನ ಇಳಿಸೋಕೆ ಒಂದು ತಿಂಗಳು ಟೈಮ್ ಕೊಡಿ, ಅಲ್ಲಿವರೆಗೆ ಫೋಟೊ ಬಂದ್ರೆ ನನಗೊಬ್ಬನಿಗೇ ಕಳ್ಸಿ, ಉತ್ತರ ನಾನು ಕೊಡ್ತೀನಿ" ಅನ್ನಿ. ಬೈಗುಳ ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ, ಹೌದು. ಟೀಮ್ ಲೀಡರ್ ಸಂಬಳದಲ್ಲಿ ಒಂದು ಭಾಗ ಅದಕ್ಕೇ ಕೊಡೋದು. ಈ ವಿಷಯ ನೀವು ಶಾಪಲ್ಲಿ ಹೇಳ್ಕೊಂಡು ಓಡಾಡ್ಬೇಕಿಲ್ಲ, ಒಂದು ವಾರದಲ್ಲಿ ಎಲ್ಲರಿಗೂ ತಾನಾಗೇ ಗೊತ್ತಾಗುತ್ತೆ.

ಮೆಮೊ ಈಗ ಕೊಡ್ಬೇಡಿ. ಮೆಮೊ ಅಂದ್ರೆ ಪರ್ಸನಲ್ ಫೈಲಿಗೆ ಹೋಗೋ ಕಾಗದ, ಅಣ್ಣನ ಇಷ್ಟು ವರ್ಷದ ಸರ್ವಿಸಲ್ಲಿ ಅದು ಮೊದಲನೇದಾಗಿದ್ರೆ ಆ ಗಾಯ ವಾಸಿ ಆಗಲ್ಲ, ಅದೂ ನೀವು ಕೊಟ್ಟಿದ್ದು ಅಂದ್ರೆ. ಅದಕ್ಕಿಂತ ಮುಖ್ಯ, ಕಾರಣವೇ ಕೈಯಿಂದ ಕೈಗೆ ದಾಟಿಸೋ ರೀತೀಲಿ ಇರೋವಾಗ ಒಬ್ಬ ವ್ಯಕ್ತಿ ಮೇಲೆ ಮೆಮೊ ಬರೆದ್ರೆ ಅದು ನ್ಯಾಯವೂ ಅಲ್ಲ. ಕಾರ್ಡ್ ಶುರುವಾಗಿ, ತೋರಿಸಿಕೊಟ್ಟು, ಟೈಮ್ ಕೊಟ್ಟು, ಆಮೇಲೂ ಒಬ್ರು ಬೇಕಂತಲೇ ತುಂಬದೇ ಹೋದ್ರೆ ಆಗ ಮಾತು ಬೇರೆ. ಹುಡುಗನಿಗೆ ತನಗೆ ಅನ್ಯಾಯ ಆಗ್ತಿದೆ ಅಂತ ಅನ್ಸಿ ಲಿಖಿತವಾಗಿ ದೂರು ಕೊಡ್ಬೇಕು ಅಂತಿದ್ರೆ ತಡೀಬೇಡಿ, ಅದು ಅವನ ಹಕ್ಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ಕೈಗಾರಿಕಾ ಸಂಬಂಧಗಳ ಸಂಹಿತೆ ಪ್ರಕಾರ 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರೋ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು, ಅದರಲ್ಲಿ ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು ಸಮ ಸಂಖ್ಯೆಯಲ್ಲಿ ಇರ್ಬೇಕು, ದೂರು ಬಂದ 30 ದಿನದೊಳಗೆ ಮುಗಿಸ್ಬೇಕು.

ಇನ್ನು ಕೆಲವು ವಿಷಯ ನೀವು ಮಧ್ಯಸ್ಥಿಕೆ ಮಾಡೋದೇ ಅಲ್ಲ, ಇದನ್ನ ಖಡಾಖಂಡಿತವಾಗಿ ಹೇಳ್ತೀನಿ. ಯಾರಾದ್ರೂ ಕೈ ಎತ್ತಿದ್ರೆ, ಜಾತಿ ಹಿಡಿದು ಬೈದ್ರೆ, ಕುಡಿದು ಮಷಿನ್ ಮುಟ್ಟಿದ್ರೆ, ಸೈಕಲ್ ಟೈಮ್ ಉಳಿಸೋಕೆ ಡೋರ್ ಇಂಟರ್‌ಲಾಕ್ (ಬಾಗಿಲು ತೆರೆದಿದ್ರೆ ಮಷಿನ್ ಓಡದಂಗೆ ತಡೆಯೋದು) ಬೈಪಾಸ್ ಮಾಡಿದ್ರೆ, ಅದೇ ಕ್ಷಣ ಕೆಲಸ ನಿಲ್ಲಿಸಿ ಮೇಲಕ್ಕೆ ತಿಳಿಸ್ಬೇಕು, "ನಾವು ನಾವೇ ಮಾತಾಡ್ಕೊಳ್ಳೋಣ" ಅನ್ನಬಾರ್ದು. ಇನ್‌ಸ್ಪೆಕ್ಷನ್‌ನಲ್ಲಿ ಹೆಣ್ಣುಮಕ್ಕಳಿದ್ರೆ ಅವರಿಗೆ ಲೈಂಗಿಕ ಕಿರುಕುಳ ಆದ ವಿಷಯ ಆಂತರಿಕ ಸಮಿತಿಗೇ ಹೋಗ್ಬೇಕು, ಹತ್ತು ಜನ ಅಥವಾ ಜಾಸ್ತಿ ಇರೋ ಎಲ್ಲ ಕಡೆ ಆ ಸಮಿತಿ ಇರ್ಬೇಕು ಅಂತ 2013ರ ಕಾನೂನು. ಅಂಥದ್ದನ್ನ ಟೀ ಕುಡೀತಾ ರಾಜಿ ಮಾಡಿಸೋಕೆ ಹೋದ ಒಳ್ಳೇ ಲೀಡರ್‌ಗಳು ಹುಡುಗಿಯರಿಗೆ ಎಷ್ಟು ಅನ್ಯಾಯ ಮಾಡಿದ್ದಾರೆ ಅಂತ ನೋಡಿದ್ದೀನಿ.

ಪೋಸ್ಟ್ ಬಿಟ್ಟು ವಾಪಸ್ ಹೋಗ್ಲಾ ಅಂದ್ರಿ. ನಾಲ್ಕು ತಿಂಗಳು ಸಾಲಲ್ಲ, ಒಂದು ವರ್ಷ ಕೊಡಿ. ನಿಮಗೆ ಈಗ ಆಗ್ತಿರೋ ನೋವು ಜಗಳದ್ದು ಮಾತ್ರ ಅಲ್ಲ, ನಿನ್ನೆವರೆಗೆ ಜೊತೆಗೆ ಟೀ ಕುಡೀತಿದ್ದವರು ನೀವು ಬಂದ ತಕ್ಷಣ ಮಾತು ಬದಲಾಯಿಸ್ತಾರಲ್ಲ, ಅದರದ್ದು. ಅದು ಪೂರ್ತಿ ಹೋಗಲ್ಲ. ಬೇರೆ ಲೈನ್‌ನಲ್ಲಿ, ಬೇರೆ ಕಂಪನೀಲಿ ನಿಮ್ಮಂಗೇ ಹೊಸದಾಗಿ ಲೀಡರ್ ಆದವರು ಒಬ್ರೋ ಇಬ್ರೋ ಇದ್ರೆ ಅವರ ಜೊತೆ ವಾರಕ್ಕೊಂದ್ಸಲ ಮಾತಾಡಿ, ಈ ಭಾರ ನಿಮ್ಮ ಟೀಮಿನವರ ಹತ್ರ ಇಳಿಸೋಕೆ ಆಗಲ್ಲ. ಗುರುದ್ರೋಹ ಅನ್ನೋ ಮಾತು ಮಾತ್ರ ತಲೆಯಿಂದ ತೆಗೆದುಹಾಕಿ. ಅವರು ಕಲಿಸಿದ ಕೆಲಸ ಅವರ ಶಿಫ್ಟ್ ದಾಟಿ ಇನ್ನೊಬ್ಬ ಹುಡುಗನಿಗೆ ಹೋಗೋ ಹಾಗೆ ನೀವು ಮಾಡ್ತಿದ್ದೀರಿ.

ಕೊನೇದಾಗಿ ಒಂದು, ಇದನ್ನ ಮೊದಲೇ ಹೇಳ್ಬೇಕಿತ್ತು, ನಾಳೆ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಇದನ್ನೇ ನೋಡಿ: ಎರಡು ಶಿಫ್ಟಿನವರೂ ಒಂದೇ ಬೋರ್ ಗೇಜಲ್ಲಿ ಅಳೀತಿದ್ದಾರಾ, ಇಲ್ಲ ಅಣ್ಣನ ಟೂಲ್ ಬಾಕ್ಸಲ್ಲಿ ಒಂದು, ಹುಡುಗನ ಹತ್ರ ಒಂದು ಇದೆಯಾ? ಎರಡಿದ್ರೆ ಎರಡನ್ನೂ ಸೆಟ್ಟಿಂಗ್ ರಿಂಗಿಗೆ (ಅಳತೆ ಖಚಿತವಾಗಿ ಗೊತ್ತಿರೋ ಉಂಗುರ) ಹಾಕಿ ಓದಿ. ಎರಡರ ಮಧ್ಯೆ ಐದಾರು ಮೈಕ್ರಾನ್ ವ್ಯತ್ಯಾಸ ಬಂದ್ರೆ, 25ರಲ್ಲಿ ಅಷ್ಟು ಜಾಗ ಅಲ್ಲೇ ಹೋಯ್ತು. ಏನು ಬಂತು ಅಂತ ನನಗೆ ಬರೆದು ತಿಳ್ಸಿ.